ಸುಲಿಯದೆ ಉಳಿದ ಹಣ್ಣು

ಹಣ್ಣಿನ ಸಿಪ್ಪೆ ಸುಲಿದು ಬಿಸಿಲಿಗೆ ಹರಡಿದ ಪಾರ್ಚ್‌ಮೆಂಟ್ ಕಾಫಿಯ ಹುಳಿ ವಾಸನೆ ಬಂದರೆ ನನ್ನ ಅಂಗೈ ಈಗಲೂ ತಾನಾಗಿ ಬಿಚ್ಚಿಕೊಳ್ಳುತ್ತದೆ.

ನನ್ನ ತಂಗಿ ಪುಟ್ಟಿಗೂ ಗೋಣಿಬೀಡಿನ ಟೀಚರೊಬ್ಬರ ಮಗಳು ಸುಮಾಳಿಗೂ ಡೌನ್ ಸಿಂಡ್ರೋಮ್ ಇತ್ತು. ಅದೇ ಕಣ್ಣು, ಅದೇ ಮೂಗು. ಇಬ್ಬರೂ ಜೊತೆಯಾಗಲಿ ಎಂದು ಅಮ್ಮ ಒಂದು ಮಧ್ಯಾಹ್ನ ಆ ತಾಯಿ ಮಗಳನ್ನು ಮನೆಗೆ ಕರೆದಿದ್ದಳು.

ಸುಮಾ ಬಂದವಳೇ ಅಮ್ಮನನ್ನು, ನನ್ನನ್ನು, ಕಣದಲ್ಲಿ ಕಾಫಿ ತಿರುವುತ್ತಿದ್ದ ಹೆಂಗಸರನ್ನೆಲ್ಲ ತಬ್ಬಿಕೊಂಡಳು. ತನ್ನನ್ನೂ ತಬ್ಬಲು ಬಂದಾಗ ಪುಟ್ಟಿ ಕಿರುಚಿಕೊಂಡು ಕಣದ ಮೂಲೆಗೆ ಓಡಿದಳು. ಯಾರು ಮುಟ್ಟಿದರೂ ಅವಳಿಗೆ ಆಗುತ್ತಿರಲಿಲ್ಲ. ಅಲ್ಲಿ ಕೂತು, ಎಂದಿನಂತೆ ಬಿಳಿ ಬೀಜಗಳ ನಡುವೆ ಅಲ್ಲೊಂದು ಇಲ್ಲೊಂದು ಸುಲಿಯದೆ ಉಳಿದ ಕಪ್ಪು ಹಣ್ಣುಗಳನ್ನು ಆರಿಸತೊಡಗಿದಳು.

ಅಮ್ಮ ಮೆಲ್ಲಗೆ ಕೇಳಿದಳು: "ಟೀಚರೇ, ಹಿಂಗೆ ತಬ್ಬಿಕೊಳ್ಳೋದನ್ನ ಹೆಂಗೆ ಕಲಿಸಿದ್ರಿ? ನಮ್ಮವಳಿಗೆ ಆರು ವರ್ಷ ಆಯ್ತು, ಒಂದ್ಸಲನೂ ನನ್ನ ಕುತ್ತಿಗೆಗೆ ಜೋತುಬಿದ್ದಿಲ್ಲ."

"ನಾನೇನೂ ಕಲಿಸ್ಲಿಲ್ಲ ಮಾರಾಯ್ರೇ. ಬಸ್ಸಲ್ಲಿ ಗುರುತಿಲ್ಲದವರನ್ನೂ ತಬ್ಕೊಳ್ತಾಳೆ, ಜೀವ ಕೈಯಲ್ಲಿ ಹಿಡ್ಕೊಂಡು ಓಡಾಡ್ತೀನಿ. ನಿಮ್ಮವಳ ಹಂಗೆ ಒಂದು ಗಳಿಗೆ ಕೂತಿದ್ರೆ ಸಾಕಿತ್ತು."



ಸಂಜೆ ಅವರು ಹೊರಟಾಗ ಪುಟ್ಟಿ ಎದ್ದು ಬಂದಳು. ಸುಮಾಳ ಅಂಗೈಗೆ ಒಂದು ಹಣ್ಣು ಹಾಕಿದಳು. ಅಮ್ಮನ ಅಂಗೈಗೂ ಒಂದು, ಬೆರಳು ತಾಗದ ಹಾಗೆ. ಅಮ್ಮ ಮುಷ್ಟಿ ಮುಚ್ಚಿ ಎದೆಗೊತ್ತಿಕೊಂಡು ನಿಂತಳು.

ನಾನೂ ಕೈ ಚಾಚಿದೆ. ಅವಳ ಕೈ ಖಾಲಿಯಾಗಿತ್ತು. ನನ್ನ ಅಂಗೈಯನ್ನು ಒಮ್ಮೆ ನೋಡಿ, ಇನ್ನೊಂದು ಹಣ್ಣು ಹುಡುಕಲು ಕಣಕ್ಕೆ ಓಡಿದಳು.

ಅಷ್ಟರಲ್ಲಿ ಹೆಂಗಸರು ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿಬಿಟ್ಟಿದ್ದರು.