ಬಾಳವ್ವನ ಚಹಾ

ಪೂರ್ಣಿಮಾ ಡಾಕ್ಟರ ಕೋಣೆಯಿಂದ ಹೊರಗೆ ಬಂದಾಗ ಅವ್ವ ಬಾಳವ್ವ ಚಹಾದ ಕಪ್ಪು ಹಿಡಿದುಕೊಂಡೇ ಬೆಂಚಿನ ಮೇಲೆ ಕುಳಿತಿದ್ದಳು. ಕ್ರೋನ್ಸ್ ಕಾಯಿಲೆಯಿಂದ ಹುಣ್ಣಾಗಿದ್ದ ಮಗಳ ಕರುಳಿನ ತುಂಡನ್ನು ಹೋದ ವರ್ಷ ಕತ್ತರಿಸಿ ತೆಗೆದ ದಿನವೇ ಬಾಳವ್ವ ಚಹಾ ಬಿಟ್ಟಿದ್ದಳು. ಪೂರ್ತಿ ಗುಣವಾಯಿತೆಂದು ಡಾಕ್ಟರು ಹೇಳಿದ ಮೇಲೆಯೇ ಕುಡಿಯುವುದೆಂದು ಹರಕೆ ಹೊತ್ತಿದ್ದಳು.

“ಈ ಬೆಳಗಾವಿ ಚಹಾ ನಮ್ಮ ಖಾನಾಪುರದಷ್ಟು ಗಟ್ಟಿ ಇಲ್ಲ ಬಿಡು. ಆದ್ರೂ ವಾಸನಿಗೇ ಬಾಯಾಗ ನೀರು ಬಂದ್ವು,” ಎಂದು ಬಾಳವ್ವ ನಕ್ಕಳು. “ಏನಂದ್ರು? ಕೊಯ್ದು ತಗದದ್ದು ಮತ್ತ ಎಲ್ಲಿಂದ ಬರತೈತಿ, ಹೌದಲ್ಲ?”

ಕರುಳನ್ನು ಜೋಡಿಸಿದ ಜಾಗದಲ್ಲೇ ಮತ್ತೆ ಹುಣ್ಣು ಎದ್ದಿದೆ ಎಂದು ಡಾಕ್ಟರು ಈಗಷ್ಟೇ ಚಿತ್ರ ತೋರಿಸಿ ಹೇಳಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು, ಈ ಕಾಯಿಲೆಯೇ ಹೀಗೆ, ಎಂದಿದ್ದರು. ಅದನ್ನು ಅವ್ವನಿಗೆ ಯಾವ ಬಾಯಿಂದ ಹೇಳಬೇಕೋ ಪೂರ್ಣಿಮಾಗೆ ತಿಳಿಯಲಿಲ್ಲ.

“ಎಲ್ಲಾ ಛಲೋ ಐತಂತ. ಕುಡಿ ಅವ್ವಾ, ಆರತೈತಿ,” ಎಂದಳು.

ಬಾಳವ್ವ ಕಪ್ಪನ್ನು ತುಟಿಯವರೆಗೆ ತಂದಳು. ಮಗಳ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದು, ಕುಡಿಯದೆ ಪಕ್ಕಕ್ಕೆ ಇಟ್ಟಳು.

“ಮತ್ತ ಯಾವಾಗ ಬರಾಕ ಹೇಳ್ಯಾರ?”