ಗೂಳಿಯ ಕಿವಿ

ಗೂಳಿ ಮೂರನೆಯ ಮಾತನ್ನೂ ನಡೆಸಿಕೊಟ್ಟಿತ್ತು. ಕಲಾವತಿ ಸಾರಿನ ಸೌಟನ್ನು ಪಾತ್ರೆಗೇ ವಾಪಸು ಇಳಿಸಿದಳು.

"ಶುಕ್ರವಾರ ಲಾಸ್ ಏಂಜಲೀಸ್‌ಗೆ ಹೋಗ್ತೀನಿ ಕಣೇ. ಮ್ಯೂಸಿಯಂನೋರ ಜೊತೆ ಮೀಟಿಂಗು. ಬರೋದು ಲೇಟು," ಎಂದರು ಗಂಡ ಉದಯಶಂಕರ, ತಟ್ಟೆಯಿಂದ ತಲೆಯೆತ್ತದೆ.

ಶುಕ್ರವಾರವೇ! ನಿನ್ನೆ ತಾನೇ ಅವಳು ಗೂಳಿಯ ಕಿವಿಯಲ್ಲಿ ಕೇಳಿಕೊಂಡಿದ್ದಳು: ಶುಕ್ರವಾರ ಇವರು ಮನೆಯಲ್ಲಿ ಇರಬಾರದು.

ರಾಂಚೊ ಬರ್ನಾರ್ಡೊದ ಆ ಮನೆಯ ಗ್ಯಾರೇಜಿನಲ್ಲಿ ಈಗ ಕಾರು ನಿಲ್ಲುತ್ತಿರಲಿಲ್ಲ. ಎದೆಯೆತ್ತರದ ತಂತಿವಾದ್ಯವೊಂದು ನಿಂತಿತ್ತು. ಮುಂಭಾಗದಲ್ಲಿ ಹೊಂಬಣ್ಣದ ಗೂಳಿಯ ತಲೆ, ನೀಲಿ ಗಡ್ಡ. ಟೆಲಿಕಾಂ ಕೆಲಸದಿಂದ ರಿಟೈರಾದ ಮೇಲೆ ಉದಯಶಂಕರರಿಗೆ ಸುಮೇರ್ ಎಂಬ ಪುರಾತನ ನಾಡಿನ ಹುಚ್ಚು ಹತ್ತಿತ್ತು. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ವಾದ್ಯವನ್ನು ಚಿತ್ರ ನೋಡಿಕೊಂಡೇ ಮಾಡಿ ಮುಗಿಸಿದ್ದರು. ಕೆಳಗೆ ತಂತಿ ಬಿಗಿಯುವುದು, ಮಹಡಿಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು ಕೂರುವುದು, ಇಷ್ಟೇ ದಿನವಿಡೀ. ಗ್ಯಾರೇಜಿನ ತುಂಬ ವೈರು. ದಾಟಿಕೊಂಡು ಓಡಾಡುವುದು ಕಲಾವತಿಗೆ ರೂಢಿಯಾಗಿತ್ತು.

"ಅಲ್ಲಿನ ದೇವಸ್ಥಾನದಲ್ಲಿ ವಾದ್ಯಾನೂ ಒಂದು ದೇವರೇ. ಹೆಸರಿಡ್ತಿದ್ರು, ನೈವೇದ್ಯ ಕೊಡ್ತಿದ್ರು. ದೊಡ್ಡ ದೇವರಿಗೆ ಸಿಟ್ಟು ಬಂದ್ರೆ ಇದನ್ನ ನುಡಿಸಿ ಅತ್ತು ಹಾಡೋರು," ಎಂದಿದ್ದರು ಒಂದು ದಿನ.

"ನಮ್ಮ ನಂದಿ ಹಾಗೆ ಅನ್ನಿ."

ಅವರು ನಕ್ಕು, ಊರ್ ಎಂಬ ಪಟ್ಟಣದ ಗೋರಿಯ ಚಿತ್ರ ತೋರಿಸಿದ್ದರು. ರಾಣಿಯ ಜೊತೆ ಹೂಳಿಸಿಕೊಂಡ ಹೆಂಗಸರ ಸಾಲು. ಒಬ್ಬಳ ಕೈಮೂಳೆ ತಂತಿಯಿದ್ದ ಜಾಗದಲ್ಲೇ ಉಳಿದಿತ್ತು. ಕಲಾವತಿ ಪಟಕ್ಕನೆ ಪುಸ್ತಕ ಮುಚ್ಚಿದ್ದಳು.

ಅದೇ ವಾರ, ಸ್ನಾನ ಮಾಡುವಾಗ, ಎಡಗಡೆಯ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿತು.

ಗಂಡನ ಹೃದಯಕ್ಕೆ ಹೋದ ವರ್ಷ ತಾನೇ ಸ್ಟೆಂಟ್ ಹಾಕಿದ್ದರು. ಇದನ್ನು ಕೇಳಿದರೆ ಅವರೇ ಮೊದಲು ಹೋಗಿಬಿಟ್ಟಾರು. ಹೇಳದೆ ಇದ್ದರೆ ತನ್ನ ಎದೆ ಒಡೆದೀತು. ಗ್ಯಾರೇಜಿಗೆ ಹೋದಳು. ತವರಿನ ಗುಡಿಯಲ್ಲಿ ಅಜ್ಜಿ ಕಲಿಸಿದಂತೆ ಗೂಳಿಯ ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿ, ಇನ್ನೊಂದರಲ್ಲಿ ಪಿಸುಗುಟ್ಟಿದಳು. ಎಲ್ಲವನ್ನೂ. ಕೊನೆಗೆ, "ಅವರಿಗೆ ಗೊತ್ತಾಗಬಾರದು."

ಗೊತ್ತಾಗಲಿಲ್ಲ. ಆ ಸಂಜೆ ಅವರು ಇಳಿದು ಬಂದಾಗ ಕಣ್ಣು ಕೆಂಪಾಗಿತ್ತು. ಕೇಳಿದರೆ, "ಮರದ ಪುಡಿ," ಎಂದರು.

ಎರಡನೆಯ ಕೋರಿಕೆ ಸ್ಕ್ಯಾನಿಂಗಿಗೆ. ಹದಿನೈದನೇ ಫ್ರೀವೇಯಲ್ಲಿ ಡ್ರೈವ್ ಮಾಡಲು ಭಯ, ಯಾರನ್ನಾದರೂ ಕಳಿಸು. ಒಂದು ಗಂಟೆಯೊಳಗೆ ಪಕ್ಕದ ಮನೆಯ ಶ್ರೀವಿದ್ಯಾಳ ಫೋನು.

"ಆಂಟಿ, ನಾಳೆ ಡ್ರಾಪ್ ಮಾಡ್ಲಾ? ನಾನೂ ಆ ಕಡೆನೇ ಹೋಗ್ತಿದೀನಿ."

"ಯಾವ ಕಡೆ ಅಂತ ನಾನು ಹೇಳೇ ಇಲ್ವಲ್ಲಮ್ಮ?"

ಅತ್ತ ಕಡೆ ಶ್ರೀವಿದ್ಯಾ ಕೆಮ್ಮಿದಳು. "ಹಂಗೇ ಕೇಳ್ದೆ ಆಂಟಿ."

ಈಗ ಮೂರನೆಯದು. ಶುಕ್ರವಾರ ಆಪರೇಷನ್.

ಕಲಾವತಿಗೆ ಭಯ ಹತ್ತಿತು. ನಂದಿಯ ಕಿವಿಯಲ್ಲಿ ಅರವತ್ತು ವರ್ಷ ಹೇಳಿಕೊಂಡಿದ್ದಳು. ನಂದಿ ಯಾವತ್ತೂ ಇಷ್ಟು ಬೇಗ ಓಗೊಟ್ಟಿರಲಿಲ್ಲ. ಇದು ಯಾರ ದೇವರೋ. ಏನು ಉಂಡು ಬೆಳೆದದ್ದೋ. ಆ ಗೋರಿಯ ಹೆಂಗಸರೂ ಏನಾದರೂ ಕೇಳಿಕೊಂಡಿದ್ದರೇ?

ಗುರುವಾರ ಬೆಳಿಗ್ಗೆ ಬೆಲ್ಲದ ಅವಲಕ್ಕಿ ಕಲಸಿ ಗೂಳಿಯ ಮುಂದಿಟ್ಟಳು. ಮಧ್ಯಾಹ್ನ ನೋಡಿದರೆ ಬಟ್ಟಲು ಖಾಲಿ. ಒಂದು ಅಗುಳೂ ಇಲ್ಲ.

ಅವಳು ಬಟ್ಟಲನ್ನು ದೂರ ಸರಿಸಿದಳು. ತಿನ್ನುವ ದೇವರು ಅವಲಕ್ಕಿಗೆ ನಿಲ್ಲುತ್ತದೆಯೇ? ಮಹಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತ ಆ ಬಡ ಜೀವ ನೆನಪಾಗಿ, ಗೂಳಿಯ ಕೊರಳು ತಬ್ಬಿ ಕಿವಿಗೆ ಬಾಯಿಟ್ಟಳು.

"ತಗೊಳ್ಳೋದಿದ್ರೆ ನನ್ನನ್ನ ತಗೋ. ಅವರನ್ನ ಬಿಟ್ಟುಬಿಡು."

ಮೇಲೆ ಕುರ್ಚಿ ಕರ್ರೆಂದಿತು.

ಶುಕ್ರವಾರ ಬೆಳಿಗ್ಗೆ ಅವರು ಹೊರಟುಹೋದರು. ಆಮೇಲೆ ಶ್ರೀವಿದ್ಯಾ ಬಂದಳು. ಆಸ್ಪತ್ರೆಯಲ್ಲಿ ಮದ್ದಿನ ಮಂಪರು ಹತ್ತುವಾಗ ಕಲಾವತಿ ಕೊನೆಯದಾಗಿ ಕಂಡದ್ದು ತಂತಿಯ ಮೇಲಿನ ಆ ಕೈಮೂಳೆ.

ಕಣ್ಣು ಬಿಟ್ಟಾಗ ಅವಳ ಕೈ ಇನ್ನೊಂದು ಕೈಯೊಳಗಿತ್ತು. ಲಾಸ್ ಏಂಜಲೀಸಿನಲ್ಲಿರಬೇಕಾದ ಕೈ.

"ಪೂರ್ತಿ ತೆಗೆದಿದಾರಂತೆ ಕಣೇ. ಹೆದರೋದೇನಿಲ್ಲವಂತೆ."

"ರೀ... ನಿಮಗೆ ಯಾರು ಹೇಳಿದ್ದು?"

"ನನ್ನ ತಗೋ, ಅವರನ್ನ ಬಿಡು ಅಂದ್ಯಲ್ಲ, ನನ್ನನ್ನೂ ಒಂದು ಮಾತು ಕೇಳ್ಬಾರ್ದಿತ್ತೇನೇ? ಅವಲಕ್ಕಿಗೆ ಬೆಲ್ಲಾನೂ ಕಮ್ಮಿ."

ಅವರು ಇನ್ನೊಂದು ಕೈ ಬಿಚ್ಚಿದರು: ತಂತಿಯ ಸದ್ದು ಹಿಡಿಯಲೆಂದು ಗೂಳಿಯ ಕಿವಿಯೊಳಗೆ ಕೂರಿಸಿದ್ದ ಪುಟ್ಟ ಮೈಕು.