ಉಪ್ಪಿಲ್ಲದ ಉಪ್ಸಾರು

ಎದೆನೋವು ಬಂದ ಮೇಲೆ ಮರೀಗೌಡನ ತಟ್ಟೆಗೆ ಉಪ್ಪೂ ಬೀಳಲಿಲ್ಲ, ತುಪ್ಪವೂ ಬೀಳಲಿಲ್ಲ. ಡಾಕ್ಟರು ಹೇಳಿದ್ದನ್ನು ಹೆಂಡತಿ ಪುಟ್ಟತಾಯಮ್ಮ ವ್ರತದಂತೆ ನಡೆಸುತ್ತಿದ್ದಳು. ಊಟಕ್ಕೆ ಕೂತಾಗಲೆಲ್ಲ ಅವನು ಜಗಳ ತೆಗೆಯುತ್ತಿದ್ದ.

"ಉಪ್ಪಿಲ್ದೆ ಉಪ್ಸಾರು ಯಾವೂರಲ್ಲಿ ಮಾಡಾರಮ್ಮಿ? ನಮ್ಮವ್ವ ಇದ್ದಿದ್ರೆ ನಿನ್ನ ಒಲೆ ಮುಂದ್ಲಿಂದ ಎಬ್ಬಿಸಿ ಓಡುಸ್ತಿದ್ಲು."

"ಮೊದ್ಲು ಬದ್ಕಿ. ಆಮೇಲೆ ಬಯ್ಯೋರಂತೆ."

ಇವತ್ತು ಆಸ್ಪತ್ರೆಯಲ್ಲಿ ಡಾಕ್ಟರು ಅವನನ್ನು ಹೊರಗೆ ಕೂರಿಸಿ, ಅವಳೊಬ್ಬಳನ್ನೇ ಒಳಗೆ ಕರೆದು ಮಾತಾಡಿದ್ದರು. ಮನೆಗೆ ಬಂದವಳು ಒರಳಿನ ಮುಂದೆ ಕೂತು, ಅತ್ತೆ ಕಲಿಸಿದಂತೆಯೇ ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣಿನ ಜೊತೆ ಉಪ್ಪು ಹಾಕಿ ಉಪ್ಸಾರಿನ ಖಾರ ಅರೆದಳು. ಬಿಸಿ ಮುದ್ದೆಯ ಮೇಲೆ ತುಪ್ಪ ಸುರಿದಳು.

ಮರೀಗೌಡ ಒಂದು ತುತ್ತು ನುಂಗಿ ಕಣ್ಣು ಮುಚ್ಚಿದ.

"ಥೇಟು ನಮ್ಮವ್ವನ ಕೈದೇ ಕಣಮ್ಮಿ!"

ಎರಡನೆಯ ತುತ್ತು ಕೈಯಲ್ಲೇ ನಿಂತಿತು.

"ಡಾಕ್ಟ್ರು ಏನಂದ್ರು?"

"ಬಾಯ್ಗೆ ರುಚಿಯಾದ್ದು ಉಣ್ಲಿ ಅಂದ್ರು."

ಅವಳು ತಲೆ ಎತ್ತಲಿಲ್ಲ. ಅವನು ತುತ್ತನ್ನು ತಟ್ಟೆಗೇ ಬಿಟ್ಟು, ತಟ್ಟೆಯನ್ನು ಮೆಲ್ಲಗೆ ಅವಳತ್ತ ಸರಿಸಿದ.

"ನಂಗೆ ದಿನದಂಗೆ ಸಪ್ಪೇದೇ ಇಕ್ಕಮ್ಮಿ."